ಹಿಂದೂ ಧರ್ಮವನ್ನು ಎಲ್ಲಿಂದ ಅರ್ಥ ಮಾಡಿಕೊಳ್ಳಬೇಕು? ಕೊಡಗಿನ ಮನೆಯಿಂದಲೇ ಶುರು ಮಾಡಿ

ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಕೇಳುವವರು ಎರಡು ಬಗೆ. ಬೆಂಗಳೂರಲ್ಲೋ ಮೈಸೂರಲ್ಲೋ ಓದುವ, ಕೆಲಸ ಮಾಡುವ ನಮ್ಮ ಊರಿನ ಹುಡುಗ ಹುಡುಗಿಯರು ಒಂದು ಕಡೆ. ರೂಮ್‌ಮೇಟ್ "ನಿಮ್ಮ ಧರ್ಮ ಏನು ಹೇಳುತ್ತೆ?" ಅಂದರೆ ಇವರಿಗೆ ಮಾತು ಹೊರಡುವುದಿಲ್ಲ. ಹೋಂಸ್ಟೇ ನಡೆಸುವವರು ಇನ್ನೊಂದು ಕಡೆ. ಅತಿಥಿ ಕೈಮಡದ (ಹಿರಿಯರ ಗುಡಿಯ) ಮುಂದೆ ನಿಂತು "ಇದು ಯಾವ ದೇವರು?" ಎಂದು ಕೇಳುತ್ತಾರೆ. ಉತ್ತರ ಗೊತ್ತು, ಬಿಡಿಸಿ ಹೇಳಲು ಬರುವುದಿಲ್ಲ.

ಇಬ್ಬರಿಗೂ ಒಂದೇ ಮಾತು. ದಪ್ಪ ಪುಸ್ತಕದಿಂದ ಶುರು ಮಾಡಬೇಡಿ. ಮನೆಯಲ್ಲಿ, ಊರಲ್ಲಿ ಈಗಾಗಲೇ ಏನು ನಡೆಯುತ್ತಿದೆಯೋ ಅದನ್ನು ಮೊದಲು ನೋಡಿ. "ಇದು ಯಾತಕ್ಕೆ?" ಎಂದು ಕೇಳಿ. ಹಾಗೆ ಕೇಳುತ್ತಾ ಹೋದರೆ ಒಂದು ವಿಷಯ ಗೊತ್ತಾಗುತ್ತದೆ. ನಮ್ಮ ಪೂಜೆಗಳಲ್ಲಿ ಬಹುಪಾಲು ಮೋಕ್ಷಕ್ಕಾಗಿ ಅಲ್ಲವೇ ಅಲ್ಲ. ಮಳೆ, ಬೆಳೆ, ಮಕ್ಕಳ ಆರೋಗ್ಯ, ಹಿರಿಯರ ಆಶೀರ್ವಾದ, ಇವಕ್ಕಾಗಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹಿಂದೂ ಚಿಂತನೆ ಇದಕ್ಕೂ ಸರಿಯಾದ ಜಾಗ ಕೊಟ್ಟಿದೆ.

ಏನೇನು ಬೇಕು

ಒಂದು ನೋಟ್‌ಬುಕ್. ಕನ್ನಡ ಅರ್ಥ ಇರುವ ಒಂದು ಭಗವದ್ಗೀತೆ, ಸಣ್ಣದಾದರೂ ಸಾಕು. ಮಾತಾಡಲು ಸಿಗುವ ಒಬ್ಬ ಹಿರಿಯರು. ಭಾಗಮಂಡಲ, ತಲಕಾವೇರಿಗೆ ಒಂದು ದಿನ. ಸಂಸ್ಕೃತ ಬರಬೇಕಿಲ್ಲ. ಎಲ್ಲವನ್ನೂ ನಂಬಲೇಬೇಕು ಅಂತಲೂ ಇಲ್ಲ. ಸುಮ್ನೆ ತಿಳಿದುಕೊಳ್ಳಬೇಕು ಅನ್ನುವವರಿಗೂ ಈ ಕ್ರಮ ನಡೆಯುತ್ತದೆ.

ಮೊದಲೇ ಒಂದು ಎಚ್ಚರಿಕೆ. ಕೊಡವರ ಪೂರ್ವಜರ ಆರಾಧನೆಯನ್ನು ಹಿಂದೂ ಧರ್ಮದ ಒಳಗೆ ಸೇರಿಸಬೇಕಾ, ಬೇರೆಯಾಗಿ ನೋಡಬೇಕಾ ಎನ್ನುವ ಚರ್ಚೆ ನಮ್ಮಲ್ಲಿದೆ. ಲಿಂಗಾಯತರ ವಿಷಯದಲ್ಲೂ ಇದೆ. ಅತಿಥಿಗಳ ಮುಂದೆ "ಎಲ್ಲ ಒಂದೇ" ಎಂದು ತೇಲಿಸಿಬಿಡಬೇಡಿ. "ನಾವೇ ಬೇರೆ" ಎಂದು ಜಗಳಕ್ಕೂ ನಿಲ್ಲಬೇಡಿ. ಹಿರಿಯರ ಆರಾಧನೆ, ದೇವರ ಪೂಜೆ ಎರಡೂ ಒಂದೇ ಮನೆಯಲ್ಲಿ ತಲೆಮಾರುಗಳಿಂದ ಜೊತೆಗಿವೆ. ಅಷ್ಟು ಹೇಳಿದರೆ ಯಾರಿಗೂ ತಪ್ಪಾಗುವುದಿಲ್ಲ.

1. ಮನೆಯಲ್ಲಿ ಏನು ನಡೆಯುತ್ತದೆ, ಬರೆದಿಡಿ

ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ, ಊರಲ್ಲಿ ನಡೆಯುವ ಪೂಜೆ, ಹಬ್ಬ, ಹರಕೆಗಳನ್ನು ಪಟ್ಟಿ ಮಾಡಿ. ಅರ್ಥ ಬರೆಯಬೇಡಿ. ಯಾರು, ಎಲ್ಲಿ, ಏನು ಇಟ್ಟು ಮಾಡುತ್ತಾರೆ, ಅಷ್ಟೇ ಬರೆಯಿರಿ.

ಐನ್‌ಮನೆ, ಅಂದರೆ ಒಕ್ಕದ (ಒಂದೇ ವಂಶದವರ) ಮೂಲ ಮನೆ ಇದ್ದರೆ ನೆಲ್ಲಕ್ಕಿ ನಡುಬಾಡೆಯಿಂದ ಶುರು ಮಾಡಿ. ಅದು ಮನೆಯ ನಡುಕೋಣೆ. ಅಲ್ಲಿ ತೂಗುವ ದೀಪವೇ ತೂಕ್ ಬೊಳಕ್. ಹೊರಗೆ ಕೈಮಡ ಇರುತ್ತದೆ. ಅದು ಒಕ್ಕದ ಮೊದಲ ಹಿರಿಯನಾದ ಗುರು ಕಾರೋಣನ ಗುಡಿ. ವರ್ಷಕ್ಕೊಮ್ಮೆ ಕಾರಣಂಗ್ ಕೊಡ್ಪ ನಡೆಯುತ್ತದೆ. ಹಿರಿಯರಿಗೆ ಎಲೆಯ ಮೇಲೆ ಎಡೆ ಇಡುತ್ತಾರೆ. ಅದಕ್ಕೆ ಮೀದಿ ಅನ್ನುತ್ತಾರೆ. ಅದರಲ್ಲಿ ಮಾಂಸ, ಮದ್ಯ ಕೂಡ ಇರಬಹುದು.

ಆಮೇಲೆ ಊರಿನ ದೇವರುಗಳಿಗೆ ಬನ್ನಿ. ಕಕ್ಕಬ್ಬೆ ಹತ್ತಿರದ ಪಾಡಿ ಇಗ್ಗುತ್ತಪ್ಪ ಮಳೆ ಬೆಳೆಯ ದೇವರು. ಸುಗ್ಗಿಯ ಹಬ್ಬವಾದ ಪುತ್ತರಿಗೆ ಕದಿರು (ಭತ್ತದ ತೆನೆ) ತೆಗೆಯುವ ಮುಹೂರ್ತ ಗೊತ್ತಾಗುವುದು ಅಲ್ಲೇ. ಭಗವತಿ, ಭದ್ರಕಾಳಿ, ಮಹಾದೇವ, ಅಯ್ಯಪ್ಪ ಒಂದಲ್ಲ ಒಂದು ಊರಲ್ಲಿ ಇದ್ದೇ ಇರುತ್ತಾರೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಲ್ಲಿ ಹಲವು ಅಯ್ಯಪ್ಪನವು. ಕೆಲವು ಕಡೆ ಹರಕೆಗೆ ಮಣ್ಣಿನ ನಾಯಿಗಳನ್ನು ಒಪ್ಪಿಸುತ್ತಾರೆ. ಬೇಟೆಯ ದೇವರಿಗೆ ನಾಯಿ ಬೇಡವಾ ಮತ್ತೆ!

ಪಟ್ಟಿ ಮುಗಿದ ಮೇಲೆ ಪ್ರತಿ ದೇವರ ಪಕ್ಕ ಒಂದು ಗುರುತು ಹಾಕಿ. ವಂಶಕ್ಕೆ ಸೇರಿದ್ದು ಕುಲದೇವರು. ಊರಿಗೆ ಸೇರಿದ್ದು ಗ್ರಾಮದೇವತೆ. ನಿಮ್ಮ ಮನಸ್ಸು ತಾನಾಗಿ ಹೋಗುವುದು ಇಷ್ಟದೇವರ ಕಡೆಗೆ. ಇಷ್ಟದೇವರನ್ನು ಯಾರೂ ಗೊತ್ತು ಮಾಡಿಕೊಡುವುದಿಲ್ಲ. ಒಂದೇ ಮನೆಯಲ್ಲಿ ಅಮ್ಮನಿಗೆ ಕಾವೇರಮ್ಮ, ಮಗನಿಗೆ ಆಂಜನೇಯ ಆಗಬಹುದು.

ಇಲ್ಲಿ ಆಗುವ ತಪ್ಪು: "ಇದು ಶಾಸ್ತ್ರದಲ್ಲಿ ಇಲ್ಲ" ಎಂದು ಅರ್ಧ ಪಟ್ಟಿಯನ್ನು ಹೊಡೆದು ಹಾಕುವುದು. ಹಿಂದೂ ಧರ್ಮಕ್ಕೆ ಒಬ್ಬ ಸ್ಥಾಪಕ ಇಲ್ಲ, ಒಂದೇ ಗ್ರಂಥ ಇಲ್ಲ, ಎಲ್ಲರಿಗೂ ಆಜ್ಞೆ ಮಾಡುವ ಒಂದು ಪೀಠವೂ ಇಲ್ಲ. ಊರಿನ ಕಟ್ಟುಪಾಡು, ಹಿರಿಯರ ನಡೆ, ಇವೂ ಇಲ್ಲಿ ಆಧಾರವೇ.

2. ದೇವರು ಎಷ್ಟು ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ

ಅತಿಥಿಗಳು ಮೊದಲು ಕೇಳುವುದೇ ಇದನ್ನು. ಉತ್ತರ ಬೃಹದಾರಣ್ಯಕ ಉಪನಿಷತ್ತಿನಲ್ಲಿದೆ. ಉಪನಿಷತ್ತು ಅಂದರೆ ವೇದಗಳ ಕೊನೆಯ ಭಾಗದಲ್ಲಿ ಬರುವ ತತ್ವದ ಮಾತುಕತೆ. ಜನಕ ರಾಜನ ಸಭೆಯಲ್ಲಿ ಶಾಕಲ್ಯ ಎನ್ನುವವನು ಯಾಜ್ಞವಲ್ಕ್ಯನನ್ನು "ದೇವರು ಎಷ್ಟು ಮಂದಿ?" ಎಂದು ಕೇಳುತ್ತಾನೆ. 3,306 ಎಂದು ಉತ್ತರ ಬರುತ್ತದೆ. ಸರಿ, ನಿಜವಾಗಿ ಎಷ್ಟು? 33. ಮತ್ತೆ ಕೇಳಿದರೆ 6. ಆಮೇಲೆ 3, ಆಮೇಲೆ 2, ಆಮೇಲೆ ಒಂದೂವರೆ. ಕೊನೆಗೆ ಒಬ್ಬನೇ.

ಇದರಲ್ಲಿ ನನಗೆ ಇಷ್ಟವಾಗುವುದು ಕೊನೆಯ ಸಂಖ್ಯೆ ಅಲ್ಲ. ಮೊದಲ ಉತ್ತರ ತಪ್ಪು ಎಂದು ಯಾಜ್ಞವಲ್ಕ್ಯ ಎಲ್ಲೂ ಹೇಳುವುದಿಲ್ಲ, ಅದು. ಎಲ್ಲದರ ಮೂಲವಾದ ಒಂದೇ ಸತ್ಯಕ್ಕೆ ಬ್ರಹ್ಮ ಎಂದು ಹೆಸರು. ನಾಲ್ಕು ಮುಖದ ಬ್ರಹ್ಮದೇವರೇ ಬೇರೆ, ಈ ಬ್ರಹ್ಮವೇ ಬೇರೆ. ಇಗ್ಗುತ್ತಪ್ಪನನ್ನೂ ಕಾವೇರಮ್ಮನನ್ನೂ ಅದೇ ಸತ್ಯದ ರೂಪಗಳಾಗಿ ನೋಡುವವರಿದ್ದಾರೆ. ಪ್ರತ್ಯೇಕ ದೇವತೆಗಳಾಗಿಯೇ ಪೂಜಿಸುವವರೂ ಇದ್ದಾರೆ. ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ತೀರ್ಥ ತೆಗೆದುಕೊಳ್ಳುತ್ತಾರೆ.

3. ಆತ್ಮ, ಕರ್ಮ, ಮರುಹುಟ್ಟು: ಇಲ್ಲಿ ನಿಧಾನವಾಗಿ ಹೋಗಿ

ಎಲ್ಲಕ್ಕಿಂತ ಜಾಸ್ತಿ ಗೊಂದಲ ಇಲ್ಲೇ. ಮೂರು ಮಾತುಗಳನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳಿ.

ಆತ್ಮ ಅಂದರೆ ದೇಹ ಹೋದರೂ ಹೋಗದ 'ನಾನು'. ಅದು ಹುಟ್ಟು ಸಾವುಗಳ ನಡುವೆ ಮತ್ತೆ ಮತ್ತೆ ಓಡಾಡುವುದಕ್ಕೆ ಸಂಸಾರ ಎನ್ನುತ್ತಾರೆ. ಹೆಂಡತಿ ಮಕ್ಕಳ ಸಂಸಾರ ಅಲ್ಲ ಇದು. ಮುಂದಿನ ಹುಟ್ಟು ಹೇಗಿರಬೇಕು ಎನ್ನುವುದು ಮಾಡಿದ ಕೆಲಸಗಳ ಮೇಲೆ ನಿಂತಿದೆ. ಅದೇ ಕರ್ಮ.

ಕರ್ಮವನ್ನು ಮೂರಾಗಿ ವಿಂಗಡಿಸುತ್ತಾರೆ. ಸಂಚಿತ ಅಂದರೆ ಹಿಂದಿನಿಂದ ಕೂಡಿಬಿದ್ದದ್ದು. ಪ್ರಾರಬ್ಧ ಅಂದರೆ ಅದರಲ್ಲಿ ಈ ಜನ್ಮಕ್ಕೆ ಅನುಭವಿಸಲು ಬಂದದ್ದು. ಆಗಾಮಿ ಅಂದರೆ ಈಗ ಮಾಡಿ ಮುಂದಕ್ಕೆ ಸೇರಿಸುತ್ತಿರುವುದು. ಭತ್ತದ ಲೆಕ್ಕದಲ್ಲಿ ನೋಡಿದರೆ ಸುಲಭ. ಪತ್ತಾಯದಲ್ಲಿ ತುಂಬಿಟ್ಟಿರುವುದು ಸಂಚಿತ, ಇವತ್ತು ಬೇಯಿಸಿ ಬಡಿಸಿಕೊಂಡಿರುವುದು ಪ್ರಾರಬ್ಧ, ಗದ್ದೆಯಲ್ಲಿ ಈಗ ನೆಟ್ಟಿರುವುದು ಆಗಾಮಿ. ಬಡಿಸಿಕೊಂಡದ್ದನ್ನು ಉಣ್ಣಲೇಬೇಕು. ಏನು ನೆಡಬೇಕು ಎನ್ನುವುದು ಮಾತ್ರ ನಮ್ಮ ಕೈಯಲ್ಲಿದೆ.

ಇಲ್ಲಿ ಆಗುವ ದೊಡ್ಡ ತಪ್ಪು: ಕರ್ಮವನ್ನು ಹಣೆಬರಹ ಎಂದು ತಿಳಿಯುವುದು. ಅದಕ್ಕಿಂತ ಕೆಟ್ಟ ತಪ್ಪು, ಬೇರೆಯವರ ಕಷ್ಟ ನೋಡಿ "ಅವರ ಕರ್ಮ" ಎಂದು ಕೈ ತೊಳೆದುಕೊಳ್ಳುವುದು. 2018ರ ಮಳೆಗಾಲದಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರ ಬಗ್ಗೆ ಹಾಗೆ ಮಾತಾಡಿದವರೂ ಇದ್ದರು. ಅವರಿಗೆ ಪ್ರಾರಬ್ಧ ಇರಬಹುದು ಎಂದೇ ಇಟ್ಟುಕೊಳ್ಳಿ. ನೆರವಿಗೆ ಹೋಗದೆ ಕೂತದ್ದು ನಿಮ್ಮ ಆಗಾಮಿ, ಅಲ್ವಾ?

ತಪ್ಪು ಮಾಡಿದರೆ ದಾರಿಯೇ ಇಲ್ಲವಾ? ಇದೆ, ಪ್ರಾಯಶ್ಚಿತ್ತ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು 1820ರಲ್ಲಿ ಕಟ್ಟಿಸಿದವನು ಎರಡನೇ ಲಿಂಗರಾಜೇಂದ್ರ. ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ ಪಾಪ ರಾಜನನ್ನು ಕಾಡಿತು, ಕಾಶಿಯಿಂದ ಲಿಂಗ ತರಿಸಿ ಪ್ರತಿಷ್ಠೆ ಮಾಡಿದ ಮೇಲೆ ಅವನಿಗೆ ನೆಮ್ಮದಿ ಸಿಕ್ಕಿತು ಎಂದು ಐತಿಹ್ಯ. ಈಗ ಎಲ್ಲರೂ ಗುಮ್ಮಟದ ಚಂದ, ಕೆರೆಯ ಮೀನು ನೋಡಿ ಬರುತ್ತಾರೆ. ಮುಂದಿನ ಸಲ ಹೋದಾಗ ಅತಿಥಿಗಳಿಗೆ ಈ ಕಥೆ ಹೇಳಿ. ರಾಜನಾದರೂ ಕರ್ಮದಿಂದ ಹೊರಗಲ್ಲ ಎನ್ನುವ ನಂಬಿಕೆ ಅಲ್ಲಿ ಕಲ್ಲಲ್ಲೇ ನಿಂತಿದೆ.

ಈಗ ಬುದ್ಧಿವಂತ ಮಕ್ಕಳು ಕೇಳುವ ಪ್ರಶ್ನೆಗೆ ಬರೋಣ. "ಸತ್ತವರು ಮತ್ತೆ ಹುಟ್ಟುತ್ತಾರೆ ಅಂದರೆ ಕೈಮಡದಲ್ಲಿ ಮೀದಿ ಇಡುವುದು ಯಾರಿಗೆ?" ಗದರಿಸಿ ಸುಮ್ಮನಾಗಿಸಬೇಡಿ, ಒಳ್ಳೆ ಪ್ರಶ್ನೆ ಇದು. ಇಲ್ಲಿ ಎರಡು ನಂಬಿಕೆಗಳು ಒಂದರ ಪಕ್ಕ ಒಂದು ಕೂತಿವೆ. ಒಂದರಲ್ಲಿ, ಹಿರಿಯರು ಒಕ್ಕವನ್ನು ಕಾಯುತ್ತಾ ಇಲ್ಲೇ ಇರುತ್ತಾರೆ. ಇನ್ನೊಂದರಲ್ಲಿ, ಜೀವ ಬೇರೆ ದೇಹಕ್ಕೆ ಹೋಗುತ್ತದೆ. ಶ್ರಾದ್ಧ ಮಾಡುವ ಮನೆಗಳಲ್ಲೂ ಇದೇ ಪ್ರಶ್ನೆ ಇದೆ.

ಛಾಂದೋಗ್ಯ ಉಪನಿಷತ್ತು ಎರಡನ್ನೂ ಹೊಂದಿಸುವ ಒಂದು ದಾರಿ ತೋರಿಸುತ್ತದೆ. ಸತ್ತವರಿಗೆ ಅಲ್ಲಿ ಎರಡು ಹಾದಿ. ಜ್ಞಾನ ಪಡೆದವರದು ದೇವಯಾನ, ಅವರು ಮರಳಿ ಬರುವುದಿಲ್ಲ. ದಾನ ಧರ್ಮ ಮಾಡಿ ಬಾಳಿದವರದು ಪಿತೃಯಾನ. ಅವರು ಪಿತೃಲೋಕ ದಾಟಿ ಚಂದ್ರನವರೆಗೆ ಹೋಗುತ್ತಾರೆ. ಪುಣ್ಯ ತೀರಿದ ಮೇಲೆ ಮೋಡವಾಗಿ, ಮಳೆಯಾಗಿ ಇಳಿದು, ಭತ್ತ, ಗಿಡಮೂಲಿಕೆಗಳಲ್ಲಿ ಸೇರಿ, ಅನ್ನದ ಮೂಲಕ ಮತ್ತೆ ಹುಟ್ಟುತ್ತಾರೆ. ಅಂದರೆ ನಡುವೆ ಅವರು ಪಿತೃಗಳಾಗಿ ಇರುವ ಕಾಲ ಒಂದಿದೆ. ಎಡೆ ಅವರಿಗೆ. ಮಳೆ, ಭತ್ತ, ಹಿರಿಯರು ಎಂಬ ಈ ಸುತ್ತು ಪುತ್ತರಿ ಆಚರಿಸುವ ನಮಗೆ ಹೊಸದೇನಲ್ಲ. ಆದರೆ ಕೊಡವರ ಕಾರೋಣ ಪೂಜೆ ಹುಟ್ಟಿದ್ದೇ ಈ ಉಪನಿಷತ್ತಿನಿಂದ ಎಂದು ಮಾತ್ರ ಹೇಳಬೇಡಿ. ಹೋಲುತ್ತದೆ, ಅಷ್ಟೇ.

4. ನಾಲ್ಕು ಗುರಿಗಳನ್ನು ನಿಮ್ಮ ಪಟ್ಟಿಗೆ ಹಚ್ಚಿ

ಮನುಷ್ಯ ಬದುಕಿನಲ್ಲಿ ಬಯಸಬಹುದಾದ ನಾಲ್ಕು ಗುರಿಗಳಿಗೆ ಪುರುಷಾರ್ಥ ಎಂದು ಹೆಸರು. ಹೆಂಗಸರಿಗೂ ಗಂಡಸರಿಗೂ ಇವೇ ನಾಲ್ಕು. ಧರ್ಮ ಅಂದರೆ ಸರಿಯಾಗಿ ನಡೆದುಕೊಳ್ಳುವುದು. ಅರ್ಥ ಅಂದರೆ ಬದುಕಲು ಬೇಕಾದ ಹಣ, ಆಸ್ತಿ, ಭದ್ರತೆ. ಕಾಮ ಅಂದರೆ ಪ್ರೀತಿ, ಸುಖ, ಕಲೆ, ಮಕ್ಕಳ ಆಸೆ ಎಲ್ಲವೂ. ಮೋಕ್ಷ ಅಂದರೆ ಹುಟ್ಟು ಸಾವಿನ ಸುತ್ತಿನಿಂದ ಬಿಡುಗಡೆ.

ನೋಟ್‌ಬುಕ್ ತೆಗೆಯಿರಿ. ಪ್ರತಿ ಆಚರಣೆಯ ಮುಂದೆ ಈ ನಾಲ್ಕರಲ್ಲಿ ಯಾವುದು ಎಂದು ಬರೆಯಿರಿ.

ಪುತ್ತರಿಯ ರಾತ್ರಿ ಗದ್ದೆಗೆ ಹೋಗಿ "ಪೊಲಿ ಪೊಲಿ ದೇವಾ" ಎಂದು ಕೂಗಿ ಮೊದಲ ಕದಿರು ತರುತ್ತೇವೆ. ಬೆಳೆ ಪೊಲಿಯಲಿ, ಹೆಚ್ಚಲಿ ಎನ್ನುವ ಕೂಗು ಅದು. ಅದು ಅರ್ಥದ ಸಾಲಿಗೆ. ಕೈಲ್ ಪೊಳ್ದ್‌ನಲ್ಲಿ ಕೋವಿ, ಒಡಿಕತ್ತಿಗೆ ಪೂಜೆ. ನಾಟಿ ಮುಗಿದಿದೆ, ಇನ್ನು ಆಯುಧ ಹಿಡಿಯಬಹುದು ಅಂತ. ಅಲ್ಲಿ ಅರ್ಥವೂ ಇದೆ, ಹಂದಿ ಮಾಂಸ, ಕಡಂಬುಟ್ಟಿನ (ಅಕ್ಕಿ ಉಂಡೆಯ) ಊಟ, ಆಟದ ಖುಷಿಯೂ ಇದೆ. ಆ ಖುಷಿಯನ್ನು ಕಾಮದ ಲೆಕ್ಕಕ್ಕೆ ಹಾಕಿ. ಮದುವೆಯಲ್ಲಿ ಹಿರಿಯರು ಅಕ್ಕಿ ಹಾಕಿ ಹರಸುವುದು ಕಾಮವೂ ಹೌದು, ಧರ್ಮವೂ ಹೌದು.

ಊರ ಹಬ್ಬಕ್ಕೆ ಮೊದಲು ದೇವ ಕಟ್ಟು ಬೀಳುತ್ತದೆ. ಹಬ್ಬ ಮುಗಿಯುವವರೆಗೆ ಊರಲ್ಲಿ ಪ್ರಾಣಿ ಕೊಲ್ಲಬಾರದು, ಮರ ಕಡಿಯಬಾರದು ಎಂಬಂಥ ನಿಯಮಗಳು. ದೇವರಕಾಡಿನ ಮರಕ್ಕೆ ಕತ್ತಿ ಹಾಕಬಾರದು ಎನ್ನುವುದಂತೂ ವರ್ಷವಿಡೀ ಇರುವ ಕಟ್ಟು. ಎರಡೂ ಧರ್ಮದ ಸಾಲಿಗೆ. ಧರ್ಮ ಅಂದರೆ ಪೂಜೆ ಮಾತ್ರ ಅಲ್ಲ, ನಮಗೆ ನಾವೇ ಹಾಕಿಕೊಳ್ಳುವ ಮಿತಿ ಎನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ದೇವರಕಾಡನ್ನು ಒತ್ತುವರಿ ಮಾಡಿ ಕಾಫಿ ಹಾಕಿ, ಆಮೇಲೆ ಅದೇ ದೇವರಿಗೆ ಬೆಳ್ಳಿ ಕವಚ ಮಾಡಿಸುವವರು ಈ ಸಾಲನ್ನು ಎರಡು ಸಲ ಓದಬೇಕು.

ಮೋಕ್ಷದ ಸಾಲಿಗೆ ಏನು ಬಂತು? ಕಡಿಮೆ ಬಂದಿರುತ್ತದೆ. ಪ್ರಾಣ ಹೋಗುವಾಗ ಬಾಯಿಗೆ ಬಿಡುವ ಕಾವೇರಿ ತೀರ್ಥ. ಭಾಗಮಂಡಲದ ಸಂಗಮದಲ್ಲಿ ಮಾಡುವ ಪಿಂಡ ಪ್ರದಾನ. ದಿನಾ ಸಂಜೆ ದೀಪದ ಮುಂದೆ ಏನೂ ಕೇಳದೆ ಸುಮ್ನೆ ಕೂರುವ ಅಜ್ಜಿ. ಕಡಿಮೆ ಇದೆ ಅಂತ ಬೇಜಾರು ಬೇಡ. ಮೊದಲ ಮೂರು ಗುರಿಗಳನ್ನು ತಿರಸ್ಕರಿಸಿದರೆ ಮಾತ್ರ ನಾಲ್ಕನೆಯದು ಸಿಗುತ್ತದೆ ಎಂದು ಎಲ್ಲರೂ ಹೇಳಿಲ್ಲ. ಅರ್ಥ, ಕಾಮಗಳು ಧರ್ಮದ ಬೇಲಿಯೊಳಗೆ ಇರಲಿ ಎನ್ನುವುದು ಸಾಮಾನ್ಯ ಗೃಹಸ್ಥನಿಗೆ ಕೊಟ್ಟ ಸೂತ್ರ. ಸನ್ಯಾಸ ಎಲ್ಲರ ಮೇಲೆ ಹೇರಿದ್ದಲ್ಲ.

ಇದಕ್ಕೆ ಹೊಂದಿಕೊಂಡೇ ನಾಲ್ಕು ಆಶ್ರಮಗಳಿವೆ. ಓದುವ ಕಾಲ ಬ್ರಹ್ಮಚರ್ಯ, ಮನೆ ನಡೆಸುವ ಕಾಲ ಗಾರ್ಹಸ್ಥ್ಯ, ಹೊಣೆ ಬಿಟ್ಟುಕೊಡುವ ಕಾಲ ವಾನಪ್ರಸ್ಥ, ಎಲ್ಲ ಬಿಡುವುದು ಸನ್ಯಾಸ. ಮೂರು ಋಣಗಳ ಮಾತೂ ಇದೆ: ದೇವ ಋಣ, ಋಷಿ ಋಣ, ಪಿತೃ ಋಣ. ಕೊಡಗಿನಲ್ಲಿ ಪಿತೃ ಋಣದ ತೂಕ ಜಾಸ್ತಿ ಎಂದು ಬೇರೆ ಹೇಳಬೇಕಿಲ್ಲ.

5. ಮೋಕ್ಷ ಅಂದರೆ ಸ್ವರ್ಗ ಅಲ್ಲ

ಈ ಒಂದು ವ್ಯತ್ಯಾಸ ಗೊತ್ತಾದರೆ ಅರ್ಧ ದಾರಿ ಸಾಗಿದಂತೆ. ಸ್ವರ್ಗ ಪುಣ್ಯಕ್ಕೆ ಸಿಗುವ ಫಲ. ಪುಣ್ಯ ಖರ್ಚಾದ ಮೇಲೆ ಅಲ್ಲಿಂದ ಇಳಿಯಲೇಬೇಕು ಎಂದು ಗೀತೆಯ 9ನೇ ಅಧ್ಯಾಯ ಹೇಳುತ್ತದೆ. ಮೋಕ್ಷಕ್ಕೆ ಅವಧಿ ಇಲ್ಲ, ಮರಳುವುದೂ ಇಲ್ಲ.

ಮೋಕ್ಷದಲ್ಲಿ ಏನಾಗುತ್ತದೆ? ಇದರ ಬಗ್ಗೆ ಆಚಾರ್ಯರಲ್ಲೇ ಒಮ್ಮತ ಇಲ್ಲ. ಆತ್ಮವೂ ಬ್ರಹ್ಮವೂ ಎಂದೂ ಎರಡಾಗಿರಲೇ ಇಲ್ಲ, ಅದನ್ನು ತಿಳಿಯುವುದೇ ಬಿಡುಗಡೆ ಎಂದರು ಶಂಕರರು. ಇದು ಅದ್ವೈತ. ಅವರ ಪ್ರಕಾರ ಬದುಕಿರುವಾಗಲೇ ಮುಕ್ತನಾಗಬಹುದು, ಅಂಥವನು ಜೀವನ್ಮುಕ್ತ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು, ಜೀವ ದೇವರಿಗೆ ಶರೀರದಂತೆ ಸೇರಿದ್ದು, ವೈಕುಂಠದಲ್ಲಿ ಅವನ ಸೇವೆಯ ಆನಂದವೇ ಮೋಕ್ಷ ಎಂದರು. ಇದು ವಿಶಿಷ್ಟಾದ್ವೈತ. ಉಡುಪಿಯ ಮಧ್ವರು, ಜೀವ ಜೀವವೇ, ದೇವರು ದೇವರೇ, ಮೋಕ್ಷದಲ್ಲೂ ಆ ಭೇದ ಉಳಿಯುತ್ತದೆ, ಎಲ್ಲವೂ ಅವನ ಕೃಪೆ ಎಂದರು. ಇದು ದ್ವೈತ. ಶರಣರದು ಇನ್ನೊಂದು ದನಿ. ಅಂಗ (ಜೀವ) ಲಿಂಗದಲ್ಲಿ (ಶಿವನಲ್ಲಿ) ಬೆರೆಯುವುದು ಐಕ್ಯ. ಕೊಡಗನ್ನು ಆಳಿದ ಹಾಲೇರಿ ಅರಸರು ಈ ವೀರಶೈವ ಪರಂಪರೆಯವರು. ಮಡಿಕೇರಿಯ ಗದ್ದಿಗೆ ಅವರ ಸಮಾಧಿ.

ಯಾರು ಸರಿ ಎಂದು ತೀರ್ಪು ಕೊಡಲು ಹೋಗಬೇಡಿ. ಎಂಟು ನೂರು ವರ್ಷಗಳಿಂದ ಪಂಡಿತರು ವಾದ ಮಾಡುತ್ತಲೇ ಇದ್ದಾರೆ. ವಾಟ್ಸಾಪ್ ಗ್ರೂಪಿನಲ್ಲಿ ಮುಗಿಯುವ ವಿಷಯ ಅಲ್ಲ ಅದು.

6. ನಿಮಗೆ ಒಗ್ಗುವ ದಾರಿ ಯಾವುದು ನೋಡಿ

ಗೀತೆ ಮುಖ್ಯವಾಗಿ ಮೂರು ದಾರಿ ಹೇಳುತ್ತದೆ. ಕೆಲಸ ಮಾಡಿ ಫಲದ ಮೇಲಿನ ಹಿಡಿತ ಬಿಡುವುದು ಕರ್ಮಯೋಗ. ಪ್ರೀತಿಯಿಂದ ದೇವರಿಗೆ ಒಪ್ಪಿಸಿಕೊಳ್ಳುವುದು ಭಕ್ತಿಯೋಗ. ವಿಚಾರ ಮಾಡಿ ಸತ್ಯ ತಿಳಿಯುವುದು ಜ್ಞಾನಯೋಗ. ಮನಸ್ಸನ್ನು ನಿಲ್ಲಿಸುವ ಧ್ಯಾನವನ್ನು ನಾಲ್ಕನೆಯದಾಗಿ ಸೇರಿಸುವವರಿದ್ದಾರೆ.

ತೋಟ ಮಾಡುವವರಿಗೆ ಕರ್ಮಯೋಗ ಬೇಗ ಅರ್ಥವಾಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬರಲಿ ಬಿಡಲಿ, ಕಸಿ, ಗೊಬ್ಬರ, ನೆರಳು ಕಡಿಯುವ ಕೆಲಸ ಬಿಡುವಂತಿಲ್ಲ. ಬೆಲೆ ನಿಮ್ಮ ಕೈಯಲ್ಲಿಲ್ಲ. ಆದರೆ ಫಲದ ಆಸೆ ಬಿಡುವುದು ಅಂದರೆ ಲೆಕ್ಕ ಇಡದೆ ಸೋಮಾರಿಯಾಗುವುದು ಅಂತ ತಿಳಿಯಬೇಡಿ. ಕೆಲಸದಲ್ಲಿ ಚುರುಕು, ಫಲ ಏನೇ ಬಂದರೂ ಮನಸ್ಸು ಕೆಡದಿರುವುದು, ಎರಡೂ ಬೇಕು.

ಭಕ್ತಿಗೆ ಒಂದೇ ಮುಖ ಎಂದೂ ತಿಳಿಯಬೇಡಿ. ಗೋಣಿಕೊಪ್ಪಲು ಕಡೆಯ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬ ಮತ್ತು ಇತರ ಗಿರಿಜನರು ವೇಷ ಹಾಕಿ ದೇವರನ್ನೇ ಬಾಯ್ತುಂಬ ಬಯ್ಯುತ್ತಾರೆ. ನೋಡಲು ಬಂದವರು ನಗುತ್ತಾರೆ, ಕೆಲವರು ಮೂಗು ಮುರಿಯುತ್ತಾರೆ. ಜಗಳ ಮಾಡುವಷ್ಟು ಸಲುಗೆ ಇರುವುದು ಹತ್ತಿರದವರ ಜೊತೆಗೆ ಮಾತ್ರ. ಬೈದು ಹೊಗಳುವ ನಿಂದಾಸ್ತುತಿ ದಾಸರ ಪದಗಳಲ್ಲೂ ಇದೆ. ಮಡಿಕೇರಿ ದಸರಾದಲ್ಲಿ ನಾಲ್ಕು ಶಕ್ತಿ ದೇವತೆಗಳ ಕರಗ ಹೊತ್ತು ಊರು ಸುತ್ತುವುದು ಭಕ್ತಿಯ ಮತ್ತೊಂದು ರೀತಿ.

ಜ್ಞಾನದ ದಾರಿ ಪ್ರಶ್ನೆ ಕೇಳುವವರಿಗೆ. ಕಠೋಪನಿಷತ್ತಿನಲ್ಲಿ ನಚಿಕೇತ ಎಂಬ ಹುಡುಗ ಯಮನ ಮನೆ ಬಾಗಿಲಿಗೇ ಹೋಗಿ, ಸತ್ತ ಮೇಲೆ ಏನಾಗುತ್ತದೆ ಎಂದು ಕೇಳುತ್ತಾನೆ. ಯಮ ಆನೆ, ಕುದುರೆ, ಚಿನ್ನ, ದೀರ್ಘಾಯುಸ್ಸು ಎಲ್ಲ ಕೊಡುತ್ತೇನೆ, ಈ ಪ್ರಶ್ನೆ ಬಿಡು ಅನ್ನುತ್ತಾನೆ. ಹುಡುಗ ಬಿಡುವುದಿಲ್ಲ. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆ ಕಥೆ ನನಗೆ ಗೊತ್ತಿಲ್ಲ.

ಒಂದನ್ನು ಆರಿಸಿದರೆ ಉಳಿದವು ಬಂದ್ ಎಂದೇನಿಲ್ಲ. ಒಂದು ತಿಂಗಳು ಒಂದನ್ನು ಹಿಡಿದು ನೋಡಿ. ಒಗ್ಗದಿದ್ದರೆ ಬದಲಿಸಿ.

7. ಒಂದು ದಿನ ಭಾಗಮಂಡಲ, ತಲಕಾವೇರಿಗೆ ಹೋಗಿ ಬನ್ನಿ

ಇಷ್ಟು ತಿಳಿದುಕೊಂಡು ಹೋದರೆ ಅದೇ ಜಾಗ ಬೇರೆಯಾಗಿ ಕಾಣುತ್ತದೆ. ಕ್ರಮ ಹೀಗೆ.

ಮೊದಲು ಭಾಗಮಂಡಲ. ಕಾವೇರಿ, ಕನ್ನಿಕೆ ಮತ್ತು ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ತ್ರಿವೇಣಿ ಸಂಗಮ ಇದು. ಇಲ್ಲಿ ಮಿಂದು, ಹಿರಿಯರಿಗೆ ಪಿಂಡ ಇಡುವವರು ಇಟ್ಟು, ಭಗಂಡೇಶ್ವರನ ದರ್ಶನ ಮಾಡಿ ಮೇಲೆ ಹೋಗುವುದು ರೂಢಿ. ಸೋಪು, ಶಾಂಪೂ ನದಿಗೆ ಬೇಡ. ಬಟ್ಟೆ ಬಿಟ್ಟು ಬರುವುದೂ ಬೇಡ. ಹಾಗೆ ಮಾಡಬೇಕು ಎಂದು ಯಾವ ಧರ್ಮವೂ ಹೇಳಿಲ್ಲ.

ಅಲ್ಲಿಂದ ಸುಮಾರು 8 ಕಿಲೋಮೀಟರ್ ಮೇಲೆ ಬ್ರಹ್ಮಗಿರಿಯ ಮಡಿಲಲ್ಲಿ ತಲಕಾವೇರಿ. ಎತ್ತರ 1,276 ಮೀಟರ್. ನದಿ ಹುಟ್ಟುವ ಚಿಕ್ಕ ಕುಂಡಿಕೆ, ಅದರ ಮುಂದೆ ಸ್ನಾನದ ಕೊಳ, ಮೇಲೆ ಅಗಸ್ತ್ಯೇಶ್ವರ ಮತ್ತು ಗಣಪತಿ ಗುಡಿಗಳು. ಕಥೆ ನಿಮಗೆ ಗೊತ್ತು. ಕವೇರ ಮುನಿಯ ಮಗಳು ಅಗಸ್ತ್ಯರನ್ನು ಮದುವೆಯಾದಳು, ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು ಎಂದು ಮಾತು ತೆಗೆದುಕೊಂಡಿದ್ದಳು, ಅವರು ಕಮಂಡಲದಲ್ಲಿ ಬಿಟ್ಟು ಹೋದಾಗ ನದಿಯಾಗಿ ಹರಿದಳು. ಲೋಕಕ್ಕೆ ಒಳ್ಳೆಯದು ಮಾಡಬೇಕೆಂದೇ ಹುಟ್ಟಿದವಳು ಅವಳು ಎನ್ನುತ್ತದೆ ಪುರಾಣ. ಈಗ ನಿಮ್ಮ ನೋಟ್‌ಬುಕ್‌ನಲ್ಲಿ ಈ ಕಥೆ ಯಾವ ಸಾಲಿಗೆ? ನನ್ನ ಪ್ರಕಾರ ಧರ್ಮದ ಸಾಲಿಗೆ. ಬೇರೆಯವರು ಮೋಕ್ಷ ಎನ್ನಬಹುದು. ಕಾರಣ ಕೊಟ್ಟರೆ ಸಾಕು.

ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೇ ಹೋಗಬೇಕಾ? ಅಕ್ಟೋಬರ್ 17ರ ಸುಮಾರಿಗೆ ಸೂರ್ಯ ತುಲಾ ರಾಶಿಗೆ ಬರುವ ಗಳಿಗೆಯಲ್ಲಿ ಕುಂಡಿಕೆಯಲ್ಲಿ ನೀರು ಉಕ್ಕುತ್ತದೆ ಎಂಬ ನಂಬಿಕೆ. ಆ ಗಳಿಗೆ ಪ್ರತಿ ವರ್ಷ ಬದಲಾಗುತ್ತದೆ. ನಡುರಾತ್ರಿಯೂ ಬರಬಹುದು. ವಿಪರೀತ ಜನ, ಚಳಿ, ಮಂಜು. ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ ಬೇರೆ ದಿನ ಹೋಗಿ. ಕೆಳಗೆ ಮನೆಯಲ್ಲೇ ಕಣಿ ಪೂಜೆ ಮಾಡಬಹುದು. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ, ಅದನ್ನೇ ಕಾವೇರಮ್ಮ ಎಂದು ಪೂಜಿಸಿ ಹಿರಿಯರ ಕಾಲಿಗೆ ಬೀಳುವುದು. ಅವತ್ತು ಮನೆಯಲ್ಲಿ ಮಾಂಸದ ಅಡಿಗೆ ಇಲ್ಲ.

ಮಳೆಗಾಲದಲ್ಲಿ ಯಾತ್ರೆ ಇಟ್ಟುಕೊಳ್ಳಬೇಡಿ. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಕುಸಿದು ಅಲ್ಲಿನ ಅರ್ಚಕರ ಕುಟುಂಬವೇ ಮಣ್ಣಿನಡಿ ಸೇರಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ, ಹವಾಮಾನ ವಿಚಾರಿಸದೆ ಹೊರಡಬಾರದು. ಮೈ ಮುಚ್ಚುವ ಬಟ್ಟೆ ಇರಲಿ. ಕುಂಡಿಕೆಯ ಹತ್ತಿರ ಸೆಲ್ಫಿ ಕೋಲು ಬೇಡ.

8. ಓದು ಕೊನೆಗೆ

ಈಗ ಗೀತೆ ತೆಗೆಯಿರಿ. 18 ಅಧ್ಯಾಯ, 700 ಶ್ಲೋಕ. ಮೊದಲಿಂದ ಕೊನೆಯವರೆಗೆ ಓದುತ್ತೇನೆ ಎಂದು ಹಠ ಹಿಡಿದವರಲ್ಲಿ ಹೆಚ್ಚಿನವರು ಒಂದನೇ ಅಧ್ಯಾಯದ ಶಂಖಗಳ ಹೆಸರಿನಲ್ಲೇ ನಿಂತುಬಿಡುತ್ತಾರೆ. 12ನೇ ಅಧ್ಯಾಯದಿಂದ ಶುರು ಮಾಡಿ. ಬರೀ 20 ಶ್ಲೋಕ, ಭಕ್ತಿಯ ಬಗ್ಗೆ. ಆಮೇಲೆ ಕರ್ಮದ 3ನೇ ಅಧ್ಯಾಯ, ಆಮೇಲೆ ಆತ್ಮದ ವಿಚಾರ ಬರುವ 2ನೇ ಅಧ್ಯಾಯ. ಅದಾದ ಮೇಲೆ ಕಠೋಪನಿಷತ್ತು. ನಡುನಡುವೆ ವಚನಗಳು, ದಾಸರ ಪದಗಳು ಇರಲಿ. ಅವು ನಮ್ಮದೇ ಕನ್ನಡದಲ್ಲಿವೆ, ಅನುವಾದದ ಹಂಗಿಲ್ಲ.

ಯೂಟ್ಯೂಬ್ ಪ್ರವಚನ ಕೇಳುವುದಾದರೆ ಕೇಳಿ. ಒಂದೇ ಷರತ್ತು. ಹೇಳುವವರು ಶ್ಲೋಕದ ಅಧ್ಯಾಯ, ಸಂಖ್ಯೆ ಹೇಳುತ್ತಾರಾ ನೋಡಿ. ಹೇಳಿದರೆ ಪುಸ್ತಕ ತೆಗೆದು ತಾಳೆ ನೋಡಿ. ಸುಮ್ನೆ "ಶಾಸ್ತ್ರದಲ್ಲಿ ಹೇಳಿದೆ" ಅಂದರೆ ಮುಂದಕ್ಕೆ ಹೋಗಿ. ಗ್ರಹದೋಷ ಹೆದರಿಕೆ ಹಾಕಿ ದುಡ್ಡು ಕೇಳುವವರಿಗೆ ಈ ಎಂಟು ಹೆಜ್ಜೆಗಳಲ್ಲಿ ಎಲ್ಲೂ ಕೆಲಸ ಇಲ್ಲ.

ನಿಮ್ಮ ಊರಿನ ಗುಡಿಯ ಕಟ್ಟುಪಾಡು ಯಾಕೆ ಹಾಗಿದೆ ಎಂದು ಕೇಳಬೇಕಾದರೆ ದೇವ ತಕ್ಕರನ್ನು ಕೇಳಿ. ಆ ಗುಡಿಯ ಕೆಲಸಕ್ಕೆ ತಲೆಮಾರಿನಿಂದ ಗೊತ್ತಾಗಿರುವ ಕುಟುಂಬದ ಹಿರಿಯರು ಅವರು. ಹಬ್ಬದ ದಿನ ಅವರಿಗೆ ಪುರುಸೊತ್ತು ಇರುವುದಿಲ್ಲ. ಹಬ್ಬ ಮುಗಿದ ವಾರ, ಮಧ್ಯಾಹ್ನದ ಮೇಲೆ ಹೋಗಿ. ನೋಟ್‌ಬುಕ್ ಮರೆಯಬೇಡಿ.